ಅವಳು ಬಿಡದೆ ಎತ್ತಿದ ಭಾರ

"ಈ ಬೆನ್ನಿಗೆ ಖಾಲಿ ರಾಡೇ ಜಾಸ್ತಿ. ತಿಂಗಳು ತುಂಬೋದ್ರೊಳಗೆ ಕಾಣೆಯಾಗ್ತೀರ, ಬೇಕಾದ್ರೆ ಬರೆದಿಟ್ಕೊಳ್ಳಿ."

ಜಿಮ್‌ನ ತರಬೇತುದಾರ ಅವಳಿಗೆ ಹೇಳಿದ ಮೊದಲ ಮಾತು ಅದು. ಕನ್ನಡಿಯ ಮುಂದಿದ್ದ ನಾಲ್ಕೈದು ಗಂಡಸರು ಕಿಸಕ್ಕನೆ ನಕ್ಕರು.

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಬಗ್ಗಿ ಕೂತು ಕೂತು ಅವಳ ಬೆನ್ನು ಹಿಡಿದುಹೋಗಿತ್ತು. ಮಾತ್ರೆ ಸಾಕು, ಮೈಗೆ ಬಲ ಬರಲಿ ಎಂದು ಡಾಕ್ಟರೇ ಅವಳನ್ನು ಇಲ್ಲಿಗೆ ಕಳಿಸಿದ್ದರು.

ಕಣ್ಣಂಚಿಗೆ ಬಂದ ನೀರನ್ನು ನುಂಗಿಕೊಂಡು ಅವಳು ರಾಡಿಗೆ ಕೈ ಹಾಕಿದಳು. ಮೊದಲ ವರ್ಷವೆಲ್ಲ ಅವಳನ್ನು ಎಳೆದು ತಂದದ್ದು ಸಿಟ್ಟು.

ಆಮೇಲೆ... ಆಮೇಲೆ ಬೇರೆಯೇ ಏನೋ.

ಅವನ ಬಾಯಿ ಮಾತ್ರ ಒರಟು. ಅವಳು ಭಾರ ಎತ್ತುವಾಗ ಹಿಂದೆ ನಿಂತ ಅವನ ಕೈಗಳು ಮುಟ್ಟದೆ ಕಾಯುತ್ತಿದ್ದವು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಐದನೇ ವರ್ಷದ ಒಂದು ಬೆಳಗ್ಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಡೋಣವೆಂದು ಅವಳು ಬೇಗ ಬಂದಳು. ಒಳಗೆ ಅವನು ಜಿಮ್ ಮಾಲೀಕರ ಜೊತೆ ಮಾತಾಡುತ್ತಿದ್ದ.

"ಅವಳಾ ಸರ್? ಶಕ್ತಿಗಿಕ್ತಿ ಏನಿಲ್ಲ. ನನ್ನ ಹಿಂದೆ ಬಾಲ ಅಲ್ಲಾಡಿಸ್ಕೊಂಡು ಬರ್ತಾಳೆ ಅಷ್ಟೇ. ನಾನಿಲ್ಲ ಅಂದ್ರೆ ಒಂದು ವಾರ ನಿಲ್ಲಲ್ಲ."

ಅವಳು ಬಂದ ದಾರಿಯಲ್ಲೇ ತಿರುಗಿದಳು.

ಆ ವಾರವಿಡೀ ಹಾಸಿಗೆ ಬಿಟ್ಟು ಏಳಲಿಲ್ಲ. 'ಹಾಗಾದರೆ ಅವನು ಹೇಳಿದ್ದು ನಿಜವೇ?' ಎಂಟನೇ ದಿನ ಆ ಪ್ರಶ್ನೆಯೇ ಅವಳನ್ನು ಎಬ್ಬಿಸಿತು. ಊರಿನ ಇನ್ನೊಂದು ತುದಿಯ ಜಿಮ್ ಸೇರಿದಳು.

ಹಟ ಒಂದು ವರ್ಷ ಬಾಳಿತು. ಅದೂ ತೀರಿಹೋದ ಮೇಲೆ ಎತ್ತುವುದಕ್ಕೆ ಕಾರಣವೇ ಉಳಿಯಲಿಲ್ಲ. ಆದರೂ ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಆರಕ್ಕೆ ಅವಳ ಕಾಲು ತಾನಾಗಿ ಶೂ ಹುಡುಕುತ್ತಿತ್ತು. ಮನಸ್ಸಿಲ್ಲದ ದಿನ ಅರ್ಧ ಭಾರ ಎತ್ತಿದಳು. ಅಕ್ಕನ ಬಾಣಂತನದಲ್ಲಿ ಎರಡು ತಿಂಗಳು ತಪ್ಪಿತು, ಮತ್ತೆ ತಳದಿಂದ ಶುರು ಮಾಡಿದಳು. ಎತ್ತುತ್ತಿದ್ದ ತೂಕ ಎರಡು ವರ್ಷ ಒಂದು ಕಿಲೋ ಕೂಡ ಏರಲಿಲ್ಲ. ಯಾರೂ ಭೇಷ್ ಎನ್ನಲಿಲ್ಲ.

ಆರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಹೆಂಗಸರಿಗೆ ಅವಳೇ ತರಬೇತಿ ಕೊಡುತ್ತಿದ್ದಳು.

ಒಂದು ದಿನ ಅವನು ಬಾಗಿಲಲ್ಲಿ ನಿಂತಿದ್ದ. ಬೈಕ್ ಅಪಘಾತದಲ್ಲಿ ಬಲಭುಜದ ಮೂಳೆ ಪುಡಿಯಾಗಿತ್ತು. ತೋಳು ಬತ್ತಿ ಕಡ್ಡಿಯಾಗಿತ್ತು. ಕೆಲಸವೂ ಹೋಗಿತ್ತು.

"ಕಲಿಸ್ತೀಯಾ?"

"ನೀವು ಅನ್ನಿ."

ಅವಳು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಕೈಗೆ ಒಂದು ಕೋಲು ಕೊಟ್ಟಳು.

"ಇವರನ್ನ ನೋಡಿ. ಒಂದು ಕಾಲದಲ್ಲಿ ದೊಡ್ಡ ಪೈಲ್ವಾನ್ರು. ಈಗ ಕೋಲು ಎತ್ತಕ್ಕೂ ಆಗಲ್ಲ."

ಹೆಂಗಸರು ನಕ್ಕರು. ಕೋಲು ಎದೆಯವರೆಗೆ ಬರುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. ಅವರ ನಗು ನಿಂತುಹೋಯಿತು. ಅವಳು ಮಾತ್ರ "ಇನ್ನೂ ಮೇಲೆ" ಎಂದಳು.

ಅವನು ಮರುದಿನವೂ ಬಂದ. ಅದರ ಮರುದಿನವೂ.

ಎಂಟು ತಿಂಗಳು ಅವಳು ಅವನಿಗೆ ಒಂದು ಒಳ್ಳೆಯ ಮಾತು ಆಡಲಿಲ್ಲ. ಅವನು ನೋವಿಗೆ ತುಟಿ ಕಚ್ಚಿದಾಗ ತಣ್ಣಗೆ ನೋಡುತ್ತಿದ್ದಳು. ನೋಡಿ ಹಿತವಾಗುತ್ತಿತ್ತು. ಮನೆಗೆ ಹೋದ ಮೇಲೆ ಊಟ ಸೇರುತ್ತಿರಲಿಲ್ಲ.

ಅಕ್ಕ ಕೇಳಿಯೇಬಿಟ್ಟಳು. "ಅವನಿಗೆ ವಾಸಿ ಮಾಡ್ತಿದ್ದೀಯೋ, ಸೇಡು ತೀರಿಸ್ಕೊಳ್ತಿದ್ದೀಯೋ?"

"ಎರಡೂ ಅಕ್ಕ."

ಆ ಶನಿವಾರ ಅವನ ಕೈ ಮೊದಲ ಸಲ ತಲೆಯ ಮೇಲಕ್ಕೆ ಹೋಯಿತು. ಉಳಿದವರೆಲ್ಲ ಹೊರಟಿದ್ದರು. ಅವಳು ಎದುರಿನ ಬೆಂಚಿನ ಮೇಲೆ ಕೂತಳು.

"ಅವತ್ತು ಮಾಲೀಕರ ಹತ್ರ ಯಾಕೆ ಹಾಗಂದ್ರಿ?"

ಅವಳು ಯಾಕೆ ಬಿಟ್ಟುಹೋದಳೆಂದು ಅವನಿಗೆ ತಿಳಿದದ್ದು ಆಗಲೇ.

"ಹೆಂಗಸರ ಬ್ಯಾಚ್ ನಿಮಗೆ ಕೊಡ್ತೀನಿ ಅಂದಿದ್ರು. ನೀವೇ ಕಲಿಸೋ ಹಾಗಾದ್ರೆ ನಾನು ನಿಮಗೆ ಯಾಕೆ ಬೇಕು... ಹೆದರಿಬಿಟ್ಟೆ. ಅದಕ್ಕೇ ಕೆಡಿಸಿದೆ."

ಇಷ್ಟು ವರ್ಷ ಅವಳು ಒಳಗೊಳಗೇ ಬೇಡಿಕೊಂಡಿದ್ದು ಒಂದೇ, ತಾನು ತಪ್ಪಾಗಿ ಕೇಳಿಸಿಕೊಂಡಿರಲಿ ಎಂದು. ಸರಿಯಾಗಿಯೇ ಕೇಳಿಸಿಕೊಂಡಿದ್ದಳು.

"ಇಷ್ಟೆಲ್ಲ ಅನ್ನಿಸ್ಕೊಂಡು ದಿನಾ ಯಾಕೆ ಬರ್ತೀರ?"

"ಕೈ ಸರಿಹೋಗುತ್ತೆ ಅನ್ನೋ ಆಸೆ ಎರಡನೇ ತಿಂಗಳಿಗೇ ಹೋಯ್ತು. ಆರು ಗಂಟೆಗೆ ನೀವು ಇಲ್ಲಿರ್ತೀರ. ಅದಕ್ಕೆ ಬರ್ತೀನಿ."

ಅವಳು ಎದ್ದು ಬಂದು ಅವನ ಬತ್ತಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ಅಳುತ್ತಿದ್ದ. ಅವಳು ಕಣ್ಣೀರು ಒರೆಸಲಿಲ್ಲ, ಕೈಯನ್ನೂ ಬಿಡಲಿಲ್ಲ.

"ನನ್ನ ಕ್ಷಮಿಸ್ತೀರಾ?"

"ಇಲ್ಲ."

"ಮತ್ತೆ?"

"ಮದುವೆ ಆಗ್ತೀನಿ. ಕ್ಷಮಿಸಕ್ಕೆ ಇನ್ನೂ ಟೈಮ್ ಬೇಕು."

"ಎಷ್ಟು ವರ್ಷ?"

"ಗೊತ್ತಿಲ್ಲ... ನೀನು ಬರ್ತಾ ಇರು."