ಗಂಡಿನ ಕಡೆ ಕಿಗುಂಡು, ಹೆಣ್ಣಿನ ಕಡೆ ನಕಿಮೇರ

"ಹೆಣ್ಣು ಕೇಳೋಕೆ ಬಂದಿದೀವಿ ಅಂತೀರಲ್ಲ ಸ್ವಾಮಿ, ಈ ಮನೇಲಿ ಹೆಣ್ಣಿದೆ ಅಂತ ನಿಮಗೆ ಯಾರು ಹೇಳಿದ್ರು?" ನಕಿಮೇರ ಮೈಕಿನಲ್ಲಿ ಕೇಳಿದಳು.

"ಗಾಳಿ ಹೇಳ್ತು ತಾಯಿ," ಎಂದ ಕಿಗುಂಡು.

"ಹಾಗಾದ್ರೆ ಗಾಳೀನೇ ಮದ್ವೆ ಆಗಿ. ಬಂದಿದ್ದಕ್ಕೆ ಊಟ ಮಾಡ್ಕೊಂಡು ಹೋಗಿ."

ಶಾಮಿಯಾನದಡಿ ಆರುನೂರು ಜನ ನಕ್ಕರು.

ಉಗಾಂಡಾದ ಕಂಪಾಲಾ ಸುತ್ತಮುತ್ತ ಹೆಣ್ಣು ಕೇಳುವ ದಿನ ಎರಡು ಕಡೆಯವರೂ ಮಾತು ಬಲ್ಲವರನ್ನು ಗೊತ್ತುಮಾಡಿ ಕರೆತರುತ್ತಾರೆ. ಮಾತು ಬಲ್ಲವರೆಂದರೆ ನಾಟಕದವರು, ರೇಡಿಯೋದವರು. ಹೆಣ್ಣಿನ ಕಡೆಯವರು ಸುಲಭಕ್ಕೆ ಒಪ್ಪಬಾರದು, ಒಪ್ಪದೆ ಕಳಿಸಲೂಬಾರದು. ಹೀಗೆ ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಶನಿವಾರ ಕಿಗುಂಡು ಗಂಡಿನ ಕಡೆ ಕೂತು ಬೇಡುತ್ತಿದ್ದ, ನಕಿಮೇರ ಹೆಣ್ಣಿನ ಕಡೆ ಕೂತು ಕಾಡಿಸುತ್ತಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಲವತ್ತೊಂದು ವರ್ಷದ ಕಿಗುಂಡು ಬದುಕಿದ್ದು ಹಾಗೆಯೇ, ಬೆಳಗ್ಗೆ ರೇಡಿಯೋದಲ್ಲಿ, ಶನಿವಾರ ಶಾಮಿಯಾನದಲ್ಲಿ. ಊರಿನ ಗಂಡುಗಳಿಗೆಲ್ಲ ಹೆಣ್ಣು ಕೇಳಿಕೊಟ್ಟವನು ತನಗೆಂದು ಮಾತ್ರ ಬಾಯಿ ತೆರೆದಿರಲಿಲ್ಲ.

ನಕಿಮೇರ ಹತ್ತೊಂಬತ್ತನೇ ವಯಸ್ಸಿಗೆ ಒಂದು ನಾಟಕ ಮಂದಿರದಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದವಳು. ಒಮ್ಮೆ ಅಲ್ಲಿನ ನಾಯಕಿಯ ಗಂಟಲು ಕಟ್ಟಿತು. ಮೂರು ವಾರ ನಾಯಕಿ ವೇದಿಕೆಯ ಮೇಲೆ ತುಟಿ ಆಡಿಸಿದಳು, ಪರದೆಯ ಹಿಂದೆ ಕೂತು ನಕಿಮೇರ ಅವಳದೇ ದನಿಯಲ್ಲಿ ಮಾತಾಡಿದಳು. ಯಾರಿಗೂ ಅನುಮಾನ ಬರಲಿಲ್ಲ. ನಾಯಕಿಯ ಗಂಟಲು ಸರಿಹೋಗಿ ಸ್ವಂತ ದನಿ ತೆಗೆದಾಗಲೇ ಜನ ಗೊಣಗಿದ್ದು, ಇವಳ ದನಿ ಯಾಕೋ ಕೆಟ್ಟಿದೆ ಎಂದು. ಆಮೇಲೆ ನಕಿಮೇರಳನ್ನು ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಲ್ಲಿಸುವವರು ಇರಲಿಲ್ಲ. ಇಪ್ಪತ್ತೆರಡಕ್ಕೆ ಮುದುಕಿಯಾದಳು, ಮೂವತ್ತಕ್ಕೆ ಶಾಲೆಯ ಹುಡುಗಿಯಾದಳು. ಏಳು ಸಿನಿಮಾಗಳಲ್ಲಿ ತನಗಿಂತ ದೊಡ್ಡವರಿಗೆ ತಾಯಿಯಾದಳು. ಪ್ರತಿ ಗುರುವಾರ ಟೀವಿಯಲ್ಲಿ ಬಿಷಪ್ಪರು, ಮಾರುಕಟ್ಟೆಯ ಹೆಂಗಸರು, ರೇಡಿಯೋದಲ್ಲಿ ಸಾವಿನ ಸುದ್ದಿ ಓದುವವನು, ಎಲ್ಲರೂ ಅವಳ ಒಂದೇ ಗಂಟಲಿನಿಂದ ಹೊರಬರುತ್ತಿದ್ದರು. ತನ್ನನ್ನು ಅಣಕಿಸಿದಳೆಂದು ಒಬ್ಬ ಮಂತ್ರಿ ಫೋನ್ ಮಾಡಿ ಬೈದ. ತನ್ನನ್ನು ಯಾಕೆ ಅಣಕಿಸಿಲ್ಲವೆಂದು ಇನ್ನೊಬ್ಬ ಬೈದ.

ಇಂಥವಳನ್ನು ಪ್ರೀತಿಸುವವನಿಗೆ ನೆಮ್ಮದಿ ಎಲ್ಲಿಯದು? ಒಮ್ಮೆ ಮಾತಿನ ನಡುವೆ ಅವಳು ಎಡಹುಬ್ಬು ಎತ್ತಿ, ತುಟಿಯ ತುದಿಯಲ್ಲಿ ನಗು ತಡೆದು ಅವನನ್ನು ನೋಡಿದಳು. ಕಿಗುಂಡುವಿಗೆ ಒಂದು ವಾರ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮುಂದಿನ ಭಾನುವಾರ ಅವಳ ಸಿನಿಮಾಗೆ ಹೋದರೆ ಅದೇ ಹುಬ್ಬು, ಅದೇ ನಗು, ಒಬ್ಬ ಲಾರಿ ಡ್ರೈವರನ ಮೇಲೆ. ಆ ಸಂಜೆ ಅವನು ಊಟ ಮಾಡಲಿಲ್ಲ.

ಈಗ ಬರುವ ಸೋಮವಾರ ಅವಳು ನೈರೋಬಿಗೆ ಹೊರಡುವವಳಿದ್ದಳು. ಅಲ್ಲಿ ಧಾರಾವಾಹಿ, ಎರಡು ವರ್ಷದ ಒಪ್ಪಂದ. ಈ ಶನಿವಾರ ಕಳೆದರೆ ಎದುರಿಗೆ ಇನ್ನಾರೋ ಕೂರುತ್ತಾರೆ. ಇವತ್ತು ಹೇಳಲೇಬೇಕೆಂದು ಅವನು ಬೆಳಗ್ಗೆಯಿಂದ ಅಂದುಕೊಳ್ಳುತ್ತಿದ್ದ, ಮಧ್ಯಾಹ್ನವಾದರೂ ಅಂದುಕೊಳ್ಳುವುದೇ ಮುಗಿದಿರಲಿಲ್ಲ.

ಗಂಡನ್ನು ಗುರುತಿಸುವ ಹೊತ್ತು ಬಂತು. ಬಿಳಿ ನಿಲುವಂಗಿ ತೊಟ್ಟ ಐವತ್ತು ಗಂಡಸರ ನಡುವೆ ಮದುವೆಯ ಗಂಡು ಅಡಗಿ ಕೂತಿರುತ್ತಾನೆ. ಹೆಣ್ಣಿನ ಸೋದರತ್ತೆ ಬಂದು ಅವನನ್ನು ಹುಡುಕಿ ಭುಜ ಮುಟ್ಟಬೇಕು. ಮುಟ್ಟಿಸಿಕೊಂಡವನು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಆದರೆ ಇವತ್ತಿನ ಸೋದರತ್ತೆ ಮಸಾಕಾ ರಸ್ತೆಯ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಿದ್ದಳು.

"ನೀನೇ ಅತ್ತೆ ಆಗಿಬಿಡಮ್ಮ," ಎಂದ ಹೆಣ್ಣಿನ ತಂದೆ. "ನಿನಗೇನು, ಯಾರು ಬೇಕಾದ್ರೂ ಆಗ್ತೀಯ."

ನಕಿಮೇರ ಯಾರದೋ ಕನ್ನಡಕ ಇಸಿದುಕೊಂಡು ಮೂಗಿನ ತುದಿಗೆ ಇಳಿಸಿದಳು, ಸೊಂಟ ಬಗ್ಗಿಸಿದಳು. ಎಪ್ಪತ್ತರ ಮುದುಕಿ ಸಾಲಿನ ಮುಂದೆ ಕಾಲೆಳೆಯುತ್ತ ಬಂದಳು. "ಇವನಲ್ಲ, ಕಿವಿ ದೊಡ್ಡದು. ಇವನೂ ಅಲ್ಲ, ಈಗ್ಲೇ ಹೆಂಡತಿಗೆ ಹೆದರೋ ಮುಖ." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದೇ ಸಾಲಿನಲ್ಲಿ ಕೂತಿದ್ದ ಕಿಗುಂಡುವಿನ ಎದುರು ಬಂದು ನಿಂತಳು. ಬಗ್ಗಿದ ಸೊಂಟ ನೆಟ್ಟಗಾಯಿತು. ಅವನ ಭುಜದ ಮೇಲೆ ಕೈ ಇಟ್ಟು, "ಇವನೇ," ಎಂದಳು. ಆ ದನಿ ಮುದುಕಿಯದಾಗಿರಲಿಲ್ಲ.

"ಅಮ್ಮಾ, ಅವನು ಮಾತಾಡೋಕೆ ಬಂದೋನು!" ಹಿಂದಿನಿಂದ ಯಾರೋ ಕೂಗಿದರು.

ಕಿಗುಂಡು ಮಾತಾಡಲಿಲ್ಲ. ಭುಜದ ಮೇಲಿನ ಕೈ ಬೆಚ್ಚಗಿತ್ತು, ಅಷ್ಟೇ ಅವನಿಗೆ ಗೊತ್ತಾದದ್ದು.

"ಅಯ್ಯೋ, ಹಾಳು ಕನ್ನಡಕ," ಎಂದು ಮುದುಕಿ ಮತ್ತೆ ಬಗ್ಗಿ ಗಾಜು ಒರೆಸಿಕೊಂಡು ಮುಂದೆ ಹೋದಳು, ಎರಡು ಕುರ್ಚಿಯಾಚೆ ಇದ್ದ ನಿಜವಾದ ಗಂಡಿನ ಭುಜ ಮುಟ್ಟಿದಳು. ಚಪ್ಪಾಳೆ, ಡೋಲು, ಸಿಳ್ಳೆ.

ಊಟದಲ್ಲಿ ಕಿಗುಂಡು ತಟ್ಟೆ ಹಿಡಿದು ಅವಳ ಪಕ್ಕ ಬಂದು ನಿಂತ. ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು ತಣ್ಣಗಾಗುತ್ತಿತ್ತು.

"ಕನ್ನಡಕದ್ದು ಒಳ್ಳೇ ಐಡಿಯಾ," ಎಂದ. "ಚೆನ್ನಾಗ್ ನಕ್ರು."

ನಕಿಮೇರ ಅವನನ್ನು ನೋಡಿದಳು. ಹುಬ್ಬು ಏಳಲಿಲ್ಲ.

"ನಾಟಕಕ್ಕೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಸ್ಟೇಜ್ ಮೇಲೆ ನಾನು ತಪ್ಪು ಜಾಗದಲ್ಲಿ ನಿಂತಿದ್ದು ಯಾರಾದ್ರೂ ನೋಡಿದಾರಾ?"

"ಇಲ್ಲ."

"ಸರಿ. ಊಟ ಮಾಡು," ಎಂದು ಕೈ ತೊಳೆಯಲು ಹೋದಳು.

ಆ ಮಾತು ಕಿಗುಂಡುವಿಗೆ ಅರ್ಥವಾದದ್ದು ಮಂಗಳವಾರ, ರೇಡಿಯೋದಲ್ಲಿ ಹವಾಮಾನ ಓದುತ್ತಿದ್ದಾಗ. ಮೋಡ ಕವಿದ ವಾತಾವರಣ ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿಬಿಟ್ಟ. ಅವಳು ಆಗಲೇ ನೈರೋಬಿಯಲ್ಲಿದ್ದಳು.

ಹೆಣ್ಣು ಬೇಕೆಂದರೆ ಮೊದಲು ಹೋಗಬೇಕಾದದ್ದು ಅವಳ ಸೋದರತ್ತೆಯ ಹತ್ತಿರ. ಗುರುವಾರ ಕಿಗುಂಡು ಸಕ್ಕರೆ, ಸೋಪು, ಒಂದು ಸೀರೆಯಷ್ಟು ಉದ್ದದ ಬಟ್ಟೆ ಹಿಡಿದು ನಕಿಮೇರಳ ಸೋದರತ್ತೆ ಇರುವ ಮಿಟ್ಯಾನಾ ಊರಿನ ವ್ಯಾನು ಹತ್ತಿದ. ದಾರಿಯುದ್ದಕ್ಕೂ ಮೂರು ಭಾಷಣ ಬರೆದು ಮೂರನ್ನೂ ಹರಿದ. ಅತ್ತೆ ಒಪ್ಪದಿದ್ದರೆ ಮುಗಿಯಿತು, ಅವಳನ್ನು ಮೀರಿ ಯಾರೂ ಹೆಣ್ಣು ಕೊಡುವುದಿಲ್ಲ.

ಅತ್ತೆಯ ಹೆಸರು ನಮುದ್ದು. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತವನನ್ನು ಮನೆ ಹೇಗಿದೆ, ದಾರಿ ಹೇಗಿತ್ತು, ಮಳೆ ಬಂತಾ ಎಂದೆಲ್ಲ ಸಾವಧಾನವಾಗಿ ವಿಚಾರಿಸಿ, ಚಹಾ ಕೊಟ್ಟು, ಕೊನೆಗೆ ಕೇಳಿದಳು, "ಮತ್ತೆ ಯಾಕಪ್ಪ ಬಂದೆ?"

"ಮತ್ತೆ ಅಂದ್ರೆ, ಅತ್ತೆಮ್ಮ?"

"ನಿನ್ನೆ ಫೋನಲ್ಲಿ ಎಲ್ಲಾ ಹೇಳಿದ್ಯಲ್ಲ. ನಾನು ಕಿಗುಂಡು, ನಿಮ್ಮ ಹುಡುಗೀನ ಕೇಳೋಕೆ ಫೋನ್ ಮಾಡಿದೀನಿ ಅಂತ. ಅರ್ಧ ಗಂಟೆ ಮಾತಾಡ್ದೆ."

ಕಿಗುಂಡು ಲೋಟ ಕೆಳಗಿಟ್ಟ. ಬುಧವಾರ ಅವನು ಯಾರಿಗೂ ಫೋನ್ ಮಾಡಿರಲಿಲ್ಲ. ತನ್ನ ದನಿ ಯಾರ ಗಂಟಲಿಗೆ ಹೋಗಿತ್ತೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಖವೆಲ್ಲ ಬಿಸಿಯಾಯಿತು.

"ನಾನು... ಏನಂದೆ ಅತ್ತೆಮ್ಮ?"

"ಮರೆವು ಬೇರೆ ಇದ್ಯಾ? ಕಂಡೋರ ಮನೆ ಹೆಣ್ಮಕ್ಕಳನ್ನ ಹೊಗಳೋವಾಗೆಲ್ಲ ಎದುರು ಕೂತಿದ್ದ ನಿಮ್ಮ ಹುಡುಗೀನೇ ನೋಡ್ಕೊಂಡು ಹೊಗಳ್ತಿದ್ದೆ, ನಾಲ್ಕು ವರ್ಷ, ಅಂದೆ. ಅವಳಿಗೆ ಇದು ಗೊತ್ತಿಲ್ಲ ಅಂದ್ಕೊಂಡಿದೀನಿ ಅಂತಾನೂ ಅಂದೆ."

ಇದನ್ನು ಅವನು ಯಾವ ಮನುಷ್ಯನಿಗೂ ಹೇಳಿರಲಿಲ್ಲ.

"ಫೋನಲ್ಲಿ ಇನ್ನೂ ಚೆನ್ನಾಗಿ ಮಾತಾಡಿದ್ದೆ ಬಿಡು," ಎಂದಳು ನಮುದ್ದು, ಬಟ್ಟೆಯ ಅಂಚು ಬೆರಳಲ್ಲಿ ತಿಕ್ಕಿ ನೋಡುತ್ತ. ಅವಳ ಕಣ್ಣು ಮಾತ್ರ ಬಟ್ಟೆಯ ಮೇಲಿರಲಿಲ್ಲ. "ಹೇಳು, ಅದೆಲ್ಲ ನಿನ್ನ ಮಾತೇ ತಾನೆ?"

ಕಿಗುಂಡುವಿನ ಕಣ್ಣು ತುಂಬಿ ಬಂತು.

"ನಂದೇ ಅತ್ತೆಮ್ಮ," ಎಂದ. "ಒಂದಕ್ಷರಾನೂ ಬಿಟ್ಟಿಲ್ಲ ಅವಳು."