ಕೂದಲಲ್ಲಿ ಹೊಲಿದ ಬ್ಯಾಡ್ಜು

"ಆ ಕೋಟಿನ ಬ್ಯಾಡ್ಜ್ ಮುಟ್ಟಬೇಡ ಮಗಾ. ಅದನ್ನ ಹೊಲಿದಿರೋದು ದಾರದಲ್ಲಲ್ಲ, ಕೂದಲಲ್ಲಿ."

ದಳದ ದರ್ಜಿ ತಾತನ ಮಾತಿಗೆ ಹೊಸ ಕಹಳೆಗಾರ ನಕ್ಕುಬಿಟ್ಟ. ಆದರೆ ಒಳಗೆ ಮೈಯೆಲ್ಲ ಉರಿಯುತ್ತಿತ್ತು. ಅಶ್ವದಳದಲ್ಲಿ ಸವಾರರದು ಕೆಂಪು ಕೋಟು, ಕಹಳೆಗಾರರದು ಹಳದಿ. ಧೂಳಿನ ನಡುವೆಯೂ ದಳಪತಿಯ ಕಣ್ಣಿಗೆ ಬೀಳಲೆಂದು. ಅವನಿಗೆ ಕೋಟು ಬಂದಿತ್ತು, ತೋಳಿಗೆ ಹಚ್ಚುವ ಜರಿ ಕಹಳೆಗಳ ಬ್ಯಾಡ್ಜು ಬಂದಿರಲಿಲ್ಲ. ಕೇಳಿದಾಗಲೆಲ್ಲ ನಾಳೆ ಬಾ ಎನ್ನುತ್ತಿದ್ದರು. ಬ್ಯಾಡ್ಜಿಲ್ಲದವನು ಕಹಳೆಗಾರರ ಬಿಳಿ ಕುದುರೆ ಏರುವಂತಿಲ್ಲ, ಊದುವಂತಿಲ್ಲ. ವರ್ಷಗಟ್ಟಲೆ ಎದೆ ಸವೆಸಿ ಕಹಳೆ ಕಲಿತವನು ತಿಂಗಳುಗಟ್ಟಲೆ ಲಾಯದಲ್ಲಿ ಲದ್ದಿ ಬಾಚಿದ್ದ. ಇವತ್ತಿನ ಕವಾಯತಿನಲ್ಲಿ ಊದದಿದ್ದರೆ ಆ ಜಾಗ ಬೇರೆಯವನ ಪಾಲು.

ಸತ್ತ ಕಹಳೆಗಾರನ ಕೋಟನ್ನು ಬ್ಯಾಡ್ಜು ಸಮೇತ ಸುಡುವುದು ದಳದ ಪದ್ಧತಿ. ಇದೊಂದಕ್ಕೆ ಮಾತ್ರ ಬೆಂಕಿ ಹತ್ತಿರಲಿಲ್ಲವಂತೆ. ಊದುತ್ತಲೇ ಕುದುರೆಯಿಂದ ಬಿದ್ದು ಸತ್ತವನದು ಅದು. ಸುಡುವ ಮುಂಚೆ ಅವನ ಹೆಂಡತಿ ತನ್ನ ಕೂದಲು ಕಿತ್ತು, ಮಾಟ ಮಾಡಿಸಿ, ಬ್ಯಾಡ್ಜನ್ನು ಮತ್ತೆ ಹೊಲಿದಿದ್ದಳಂತೆ. ತೊಟ್ಟವನ ಉಸಿರೆಲ್ಲ ತನ್ನ ಗಂಡನಿಗೆ ಸೇರಲಿ ಎಂದು.

"ಇವೆಲ್ಲ ನನ್ನ ಹತ್ರ ನಡೆಯಲ್ಲ ತಾತ. ಉಸಿರು ನನ್ನದು."

ತಾತ ಊಟಕ್ಕೆ ಎದ್ದದ್ದೇ ತಡ, ಅವನು ಆ ಕೋಟು ತೂಗುತ್ತಿದ್ದ ಉಗ್ರಾಣಕ್ಕೆ ನುಗ್ಗಿದ. ನಡುಹಗಲಲ್ಲೂ ಕತ್ತಲು. ನುಸಿಗುಳಿಗೆ, ತುಕ್ಕು, ಯಾರದೋ ಹಳೆಯ ಬೆವರಿನ ವಾಸನೆ. ಹೊಲಿಗೆ ಬಿಚ್ಚುವಾಗ ಕೂದಲು ಬೆಚ್ಚಗಿತ್ತು. ದಾರ ಹುಡುಕುವಷ್ಟು ತಾಳ್ಮೆ ಅವನಿಗೆಲ್ಲಿತ್ತು? ಅದೇ ಕೂದಲನ್ನು ಸೂಜಿಗೆ ಪೋಣಿಸಿ ತನ್ನ ತೋಳಿಗೆ ಹೊಲಿದುಕೊಂಡ.

ಮೈದಾನದಲ್ಲಿ ಅವನನ್ನು ಯಾರೂ ತಡೆಯಲಿಲ್ಲ. ದಳಪತಿ ಕತ್ತಿ ಎತ್ತಿದ. ಇವನು ಊದಿದ.

ಸದ್ದೇ ಇಲ್ಲ.

ಇನ್ನಷ್ಟು ಜೋರಾಗಿ ಊದಿದ. ಬೆನ್ನ ಹಿಂದೆ, ಬೀಗ ಹಾಕಿದ ಉಗ್ರಾಣದೊಳಗೆ ಕಹಳೆ ಮೊಳಗಿತು. ಕುದುರೆಗಳು ಕೆನೆದವು. ಕಹಳೆಯಿಂದ ತುಟಿ ತೆಗೆಯಲು ನೋಡಿದ. ಬರಲಿಲ್ಲ. ಉಸಿರು ಹೋಗುತ್ತಲೇ ಇತ್ತು. ಒಳಗೆ ಬರುತ್ತಿರಲಿಲ್ಲ. ಎದೆ ಕುಗ್ಗಿತು. ಕಣ್ಣು ಕತ್ತಲಿಟ್ಟಿತು. ಬ್ಯಾಡ್ಜು ಜಗ್ಗಿದ. ಕೂದಲು ಚರ್ಮಕ್ಕಿಳಿದಿತ್ತು. ಸೊಂಟದ ಕತ್ತಿ ಹಿರಿದ. ಕೊಯ್ದ. ಬಟ್ಟೆಯ ಜೊತೆ ಮಾಂಸವೂ ಬಂತು. ಉಗ್ರಾಣದ ಕಹಳೆ ಅರ್ಧಕ್ಕೆ ನಿಂತಿತು.

ಜೀವ ಉಳಿಯಿತು. ತೋಳಿನ ಗಾಯವೂ ಮಾಯಿತು. ಉಸಿರು ಮಾತ್ರ ಪೂರ್ತಿ ಮರಳಲಿಲ್ಲ. ಒಂದು ದೀಪ ಆರಿಸುವಷ್ಟೂ ಇಲ್ಲ.

ಮತ್ತೆ ಲಾಯದಲ್ಲಿ ಲದ್ದಿ ಬಾಚುತ್ತಿದ್ದವನನ್ನು ತಾತ ಹುಡುಕಿಕೊಂಡು ಬಂದ. ತಾತನ ಕೈಯಲ್ಲಿ ಹೊಸ ಜರಿ ಮಿನುಗುತ್ತಿತ್ತು.

"ನಿನ್ನ ಬ್ಯಾಡ್ಜು ಅವತ್ತು ಸಂಜೆನೇ ಬಂದಿತ್ತು ಮಗಾ."