ಕ್ಯಾಪ್ಟನ್ನನ ಮೊದಲ ನೋಟ

"ಆ ಚಿತ್ರದ ಕಣ್ಣು ಬಿಡಿಸೋವಾಗ ಎದುರಿಗೆ ಕನ್ನಡಿ ಇಡೋ, ಉತ್ತಮ್. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು," ಎಂದು ಕ್ಯಾನಿಂಗ್ ವೇಲ್‌ನ ಮನೆಯಲ್ಲಿ ತಾಯಿ ಚೆನ್ನಮ್ಮ ಕೈಗೆ ಕನ್ನಡಿ ತುರುಕಿದ್ದರು. ಮೈಸೂರಿನಲ್ಲಿ ಅವರ ಗಂಡ ನಲವತ್ತು ವರ್ಷ ವಿಗ್ರಹಗಳಿಗೆ ಕಣ್ಣು ಬರೆದದ್ದು ಹಾಗೆಯೇ. ಉತ್ತಮ್ ನಕ್ಕ. "ಇವನೇನು ದೇವರಾ, ಅಮ್ಮಾ? ತಿಮಿಂಗಿಲ ಹಿಡೀತಿದ್ದ ಅಮೆರಿಕದ ಕ್ಯಾಪ್ಟನ್. ಸತ್ತು ನೂರೈವತ್ತು ವರ್ಷ ಆಯ್ತು." ಕನ್ನಡಿ ಕಾರಿನಲ್ಲೇ ಉಳಿಯಿತು.

ಅದು ೨೦೧೫ರ ಜನವರಿ, ಆ ಪರದೇಶದಲ್ಲಿ ಬೇಸಿಗೆ, ಶಾಲೆಗೆ ರಜೆ. ವೆಲ್ಷ್‌ಪೂಲ್‌ನ ಶೆಡ್ಡಿನಲ್ಲಿ ಹಳೆಯ ಚಿತ್ರಗಳನ್ನು ಸರಿಪಡಿಸುವುದು ಉತ್ತಮನ ಕಸುಬು. ಏಳು ವರ್ಷದ ಮಗಳು ಪ್ರಣತಿ ಅವನ ಹಿಂದೆ ನೆಲದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಚಿತ್ರದ ಕ್ಯಾಪ್ಟನ್ನನ ಕೈಯಲ್ಲಿ ದುರ್ಬೀನು, ಬೆನ್ನ ಹಿಂದಿನ ಕಿಟಕಿಯಲ್ಲಿ ಅವನ ಹಡಗು. ಕಣ್ಣುಗಳ ಮೇಲೆ ಮಾತ್ರ ಯಾರೋ ಕಪ್ಪು ಬಳಿದಿದ್ದರು. ಹಿಂಬದಿಯಲ್ಲಿ ಅವನ ಹೆಂಡತಿಯ ಬರಹವಿತ್ತು: ಮುಳುಗುವ ನಾವಿಕರನ್ನು ಬಿಟ್ಟು ಓಡಿಬಂದವನಿಗೆ ಅವರಲ್ಲೊಬ್ಬನ ತಾಯಿ ಮಾಟ ಮಾಡಿಸಿದಳು, ಈ ಕಣ್ಣಿಗೆ ಮೊದಲು ಬಿದ್ದವರು ನೆಲದ ಮೇಲೂ ಮುಳುಗುತ್ತಾರೆ, ನಾನೇ ಮುಚ್ಚಿದ್ದೇನೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದವು, ಕತ್ತಲಲ್ಲಿ ಬರೆದಂತೆ.

ಉತ್ತಮ್ ಹತ್ತಿಯನ್ನು ದ್ರಾವಕದಲ್ಲಿ ಅದ್ದಿ ಒರೆಸಿದ. ಕಪ್ಪು ಕರಗಿತು. ಉಪ್ಪಿನ ವಾಸನೆ, ಕೊಳೆತ ಕೊಬ್ಬಿನ ವಾಸನೆ ಮೂಗಿಗೆ ಅಡರಿತು. ಬೂದು ಕಣ್ಣುಗಳು ತೆರೆದುಕೊಂಡವು. ಅವು ಅವನ ಭುಜದ ಆಚೆ ನೋಡುತ್ತಿದ್ದವು.

ಪ್ರಣತಿ ಕೆಮ್ಮಿದಳು. ಬಾಯಿಂದ ನೀರು. ಮತ್ತೆ ನೀರು. ಉಪ್ಪುನೀರು. ಫೋನ್ ಮಾಡಿದರೆ, ಆಂಬುಲೆನ್ಸ್ ಬರಲು ಹನ್ನೆರಡು ನಿಮಿಷ ಎಂದರು. ಅವನು ಓಡಿದ, ಕನ್ನಡಿ ತಂದ, ಕ್ಯಾಪ್ಟನ್ನನ ಮುಖಕ್ಕೆ ಹಿಡಿದ. ನೋಟ ಆಗಲೇ ಬಿದ್ದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗುವಿನ ತುಟಿ ನೀಲಿಯಾಗುತ್ತಿತ್ತು.

ಕುಂಚ ಕಪ್ಪಿಗೆ ಅದ್ದಿದ. ಚಿತ್ರದ ಎಡಗಣ್ಣು ಮುಚ್ಚಿದ. ಉತ್ತಮನ ಎಡಗಣ್ಣಿನ ಬೆಳಕು ಆರಿತು. ಪ್ರಣತಿ ಅರ್ಧ ಉಸಿರು ಎಳೆದುಕೊಂಡಳು.

ಆ ಹೆಂಗಸಿನ ಸಾಲುಗಳು ಯಾಕೆ ಸೊಟ್ಟಗಿದ್ದವು ಎಂದು ಆಗ ತಿಳಿಯಿತು. ತಿರುಗಿ ಮಗಳನ್ನು ನೋಡಿದ. ಸೊಟ್ಟ ಬೈತಲೆ, ಬಿದ್ದ ಮುಂದಿನ ಹಲ್ಲು, ಗಲ್ಲಕ್ಕೆ ಅಂಟಿದ ಹಳದಿ ಬಣ್ಣ. ಇಷ್ಟು ನೋಡಿದ್ದು ಸಾಕು ಎನ್ನಿಸಲಿಲ್ಲ. ಆದರೂ ತಿರುಗಿ ಚಿತ್ರದ ಬಲಗಣ್ಣಿಗೆ ಕುಂಚ ಎತ್ತಿದ.

ಕೆಮ್ಮು ನಿಂತಿತು. ಹೊರಗೆ ಮಧ್ಯಾಹ್ನದ ಲಾರಿಗಳು ಓಡಾಡುತ್ತಿದ್ದವು. ಪುಟ್ಟ ಒದ್ದೆ ಕೈ ಅವನ ಬೆರಳು ಹಿಡಿಯಿತು.

"ಅಪ್ಪಾ, ಐ ಆಮ್ ಹಿಯರ್. ವೈ ಆರ್ ಯೂ ಲುಕಿಂಗ್ ದೇರ್?"